ಮೂರು ಹೊಟ್ಟೆಯ ದೊರೆ

ಸುನಂದಾಳ ತಲೆ ಮತ್ತೆ ಎದೆಯ ಮೇಲೆ ಜಾರಿತು. "ಗದ್ದ ಎತ್ತಿ ಹಿಡೀರಿ" ಎಂದರು ಅಯ್ಯನವರು. ಗವಿಸಿದ್ದಪ್ಪ ಎರಡೂ ಕೈಯಲ್ಲಿ ಹೆಂಡತಿಯ ಗದ್ದ ಎತ್ತಿ ಹಿಡಿದ. ಅಯ್ಯನವರು ಹಣೆಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿ ಹಿಂದಿನ ಹಲಗೆಗೆ ಬಿಗಿದರು. ಈಗ ಕೂತಳು ನೋಡಿ, ಹಸಿರು ಸೀರೆಯುಟ್ಟು, ಮಲ್ಲಿಗೆ ಮುಡಿದು, ನೆಟ್ಟಗೆ. ಬದುಕಿದ್ದಾಗ ಒಂದು ದಿನವೂ ಹೀಗೆ ಕೂತವಳಲ್ಲ ಪುಣ್ಯಾತ್ಗಿತ್ತಿ. ಹೊಲಿಗೆ ಮಷೀನಿನ ಮುಂದೆ ಬಾಗಿ ಬಾಗಿ ಬೆನ್ನು ಗೂನಾಗಿತ್ತು.

ಅಳಬೇಕಾದ ಹೊತ್ತು. ಆದರೆ ಗವಿಸಿದ್ದಪ್ಪನ ಕಣ್ಣೆಲ್ಲ ಅಂಗಳದ ಬಾಗಿಲ ಮೇಲಿತ್ತು. ಸಿರುಗುಪ್ಪದಿಂದ ಹುಲಿಗೇಶ್ ಮಾಸ್ತರು ಬಸ್ಸು ಹತ್ತಿದ್ದರು. ಅವರು ನಡೆಸುವ ಸಣ್ಣ ಪತ್ರಿಕೆಯ ಹೊಸ ಸಂಚಿಕೆ ಅವರ ಚೀಲದಲ್ಲಿತ್ತು. ಸಂಚಿಕೆಯಲ್ಲಿ ಸುನಂದಾಳ ಕತೆಯಿತ್ತು. ಕತೆಯಲ್ಲಿ ಈ ಮನೆಯ ಯಜಮಾನ, ಗವಿಸಿದ್ದಪ್ಪನ ಅಣ್ಣ ದೊಡ್ಡಬಸವರಾಜ, ಮೂರು ಹೊಟ್ಟೆ ಇಟ್ಟುಕೊಂಡು ಕೂತಿದ್ದ.

ಹೆಸರೇನೋ ಬೇರೆ. ಯಾವುದೋ ದೂರದ ಗ್ರಹದ ದೊರೆ. ಆದರೆ ಆ ದೊರೆ ಮಾತಾಡುವ ಮೊದಲು ಮೂರು ಸಲ ಕೆಮ್ಮುತ್ತಾನೆ. ಎರಡನೇ ಕೆಮ್ಮಿಗೂ ಮೂರನೆಯದಕ್ಕೂ ನಡುವೆ ಒಂದು ಯುದ್ಧವೇ ಶುರುವಾಗಿ ಮುಗಿದುಹೋಗುತ್ತದೆ. ಅಣ್ಣನ ಊರು ಈ ಕುರುಗೋಡಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು, ಅದು ಯಾರ ಕೆಮ್ಮೆಂದು.

ಬೇರೆ ದಿನವಾಗಿದ್ದರೆ ಆದದ್ದಾಗಲಿ ಅನ್ನಬಹುದಿತ್ತು. ಆದರೆ ಗುಣಿ ತೋಡಿದ್ದು ಅಣ್ಣನ ಹೊಲದಲ್ಲಿ, ಅವ್ವ ಜಂಬಮ್ಮನ ಸಮಾಧಿಯ ಪಕ್ಕಕ್ಕೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆಟೋ ಓಡಿಸುವ ಗವಿಸಿದ್ದಪ್ಪನಿಗೆ ಗೇಣು ನೆಲವೂ ಇರಲಿಲ್ಲ. ಅತ್ತೆಯ ಮಗ್ಗುಲಲ್ಲೇ ಕೂರಿಸಬೇಕು, ಅಲ್ಲಿ ಆಕಾಶ ದೊಡ್ಡದಿದೆ ಎಂದು ಸುನಂದಾ ಎಷ್ಟೋ ಸಲ ಹೇಳಿದ್ದಳು. ಅಣ್ಣನೋ, ಮುನಿಸಿಕೊಂಡರೆ ಮುಗಿಯಿತು. ಹೋಳಿಗೆಗೆ ತುಪ್ಪ ಕಮ್ಮಿ ಬಡಿಸಿದರೆಂದು ಬೀಗರ ಓಣಿಗೇ ಕಾಲಿಡದ ಆಸಾಮಿ. ಮೂರು ಹೊಟ್ಟೆಯ ಸುದ್ದಿ ಕೇಳಿದರೆ ಹೆಣ ಎತ್ತಿಕೊಂಡು ಹೋಗು ಅಂದಾನು. ಮಾಸ್ತರಿಗೆ ಬೆಳಗಿನಿಂದ ಫೋನು ಹಚ್ಚಿದ್ದೇ ಹಚ್ಚಿದ್ದು, ಅವರು ಎತ್ತಿರಲಿಲ್ಲ.

*

ಸುನಂದಾ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಬರೀ ಜೇಬು. ಪ್ಯಾಂಟು ಪೂರ್ತಿಯಾಗುವುದನ್ನು ಅವಳು ನೋಡುತ್ತಲೂ ಇರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ, ಈ ಜೇಬಿನೊಳಗೆ ಕೈ ಹಾಕಿದರೆ ಇನ್ನೊಂದು ಗ್ರಹದ ಸಂತೆಯಲ್ಲಿ ಕೈ ಹೊರಬಂದರೆ ಹೇಗೆ ಎಂದು ಗಂಡನನ್ನು ಕೇಳಿದಳು. ಅಲ್ಲಿ ಬದನೆಕಾಯಿ ಅಗ್ಗವಿದ್ದರೆ ಎರಡು ತಂದುಬಿಡು ಎಂದ ಅವನು. ಅವಳು ನಗಲಿಲ್ಲ. ಮೊಬೈಲ್ ತೆಗೆದು ಬೆರಳಿನಲ್ಲಿ ಕುಟ್ಟತೊಡಗಿದಳು. ಅದೇ ಮೊದಲ ಕತೆ.

ಇದು ಕತೆಯೇ ಅಲ್ಲ ಎಂದು ಹಿಂದಿರುಗಿಸಿದ ಪತ್ರಿಕೆಯವರು ಬೇಕಾದಷ್ಟು ಜನ. ನೆಂಟರೂ ಬಿಡಲಿಲ್ಲ; ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿಗೆ ನಕ್ಷತ್ರ ಎಣಿಸುತ್ತಾಳೆ ಎಂದು ನಕ್ಕರು. ಸುನಂದಾ ಮಾತ್ರ ಜಿಗಟು. ಹುಲಿಗೇಶ್ ಮಾಸ್ತರು ಮೊದಲ ಸಲ ಅಚ್ಚು ಹಾಕಿ, ಹೆಸರಿನ ಕೆಳಗೆ 'ಉದಯೋನ್ಮುಖ ಲೇಖಕಿ' ಎಂದು ಸೇರಿಸಿದಾಗ ಅವಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಐವತ್ತೆರಡಕ್ಕ ಉದಯ ಆಗಾಕತ್ತೀನಿ ನೋಡ್ರಿ. ಮುಳುಗಾಕ ಇನ್ನಾ ಬಾಳ ಟೈಮ್ ಐತಿ" ಎಂದಿದ್ದಳು.

ಪ್ರತಿ ಕತೆಯನ್ನೂ ಮೊದಲು ಗವಿಸಿದ್ದಪ್ಪನಿಗೇ ಓದಿ ಹೇಳುತ್ತಿದ್ದಳು. ಅವನು ಪ್ರತಿ ಸಲವೂ "ಚಲೋ ಐತಿ" ಅನ್ನುತ್ತಿದ್ದ. ದೊರೆಯ ಕತೆಗೆ ಮಾತ್ರ, ಚಲೋ ಐತಿ, ಆದರೆ ಅಣ್ಣನ ಕಿವಿಗೆ ಬೀಳಬಾರದು ಎಂದಿದ್ದ. ಅವಳು ದಾರ ಕಚ್ಚಿ ಹರಿದು ಮುಂದಿನ ಜೇಬು ಎತ್ತಿಕೊಂಡಿದ್ದಳು.

*

ಮಾಸ್ತರು ಬಂದೇ ಬಿಟ್ಟರು. ಗವಿಸಿದ್ದಪ್ಪ ಎದ್ದು ಅವರ ಹತ್ತಿರ ಹೋಗುವಷ್ಟರಲ್ಲಿ, ಸುನಂದಾಳ ಜೊತೆ ಜೇಬು ಹೊಲಿಯುತ್ತಿದ್ದ ಮೂಕಮ್ಮ ಅಡ್ಡ ಬಂದಳು. ಭಜನೆಯವರು ಬರುವುದು ತಡವಾಗುತ್ತದೆ, ಅಲ್ಲಿಯವರೆಗೆ ನಮ್ಮ ಸುನಂದಕ್ಕ ಬರೆದದ್ದನ್ನು ಓದಿರಿ, ಈ ಜನವೂ ಕೇಳಲಿ ಎಂದಳು. ಬೇಡ ಎಂದು ಗವಿಸಿದ್ದಪ್ಪ ಕಣ್ಸನ್ನೆ ಮಾಡಿದ, ಕೈ ಆಡಿಸಿದ. ಪಾಪ, ದುಃಖಕ್ಕೆ ಹಾಗೆ ಮಾಡುತ್ತಾನೆಂದು ಯಾರೋ ಅವನಿಗೆ ನೀರು ಕುಡಿಸಿದರು. ಮಾಸ್ತರು ಅಣ್ಣನ ಮುಖ ನೋಡಿದರು. ದೊಡ್ಡಬಸವರಾಜ ಕಟ್ಟೆಯ ಮೇಲಿಂದ ಓದು ಎಂಬಂತೆ ತಲೆ ಆಡಿಸಿದ.

ಮಾಸ್ತರು ಓದಿದರು. ಹೊಟ್ಟೆ ಬಂದವು, ಕೆಮ್ಮು ಬಂತು, ಯುದ್ಧ ಮುಗಿಯಿತು. ಹಿಂದೆ ಕೂತ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕೊನೆಗೆ, ಬೇರೆ ನಕ್ಷತ್ರಕ್ಕೆ ಹೊರಟ ಹುಡುಗಿಯನ್ನು ಇಕ್ಕಟ್ಟಾದ ಗೂಡಿನಲ್ಲಿ ಕಾಲು ಮಡಚಿ ಕೂರಿಸುತ್ತಾರೆ. ಆಳುಗಳು ಎಷ್ಟೋ ಮಂದಿ ಇದ್ದರೂ ದೊರೆ ತಾನೇ ಇಳಿದು ಹೋಗಿ, ಗೂಡು ಅವಳ ತಲೆಗೆ ತಾಗೀತೇನೋ ಎಂದು ಕೈ ಇಟ್ಟು ನೋಡುತ್ತಾನೆ. ಅಲ್ಲಿಗೆ ಕತೆ ಮುಗಿಯಿತು.

ದೊಡ್ಡಬಸವರಾಜ ಒಮ್ಮೆ ಕೆಮ್ಮಿದ. ಎರಡನೇ ಸಲ ಕೆಮ್ಮಿದ. ಗವಿಸಿದ್ದಪ್ಪನ ಪಾಲಿಗೆ ಆ ಯುದ್ಧವೆಲ್ಲ ನಡೆದುಹೋಯಿತು. ಮೂರನೇ ಸಲ ಕೆಮ್ಮಿದ.

"ಮದ್ಲ ಎಲ್ಡ ಹೊಟ್ಟಿ ಬರದಿದ್ಲು" ಎಂದ. "ದೊರಿಗೆ ಎಲ್ಡ ಎಲ್ಲಿ ಸಾಲತಾವ, ಮೂರು ಮಾಡವ್ವ ಅಂತ ನಾನ ಹೇಳಿದ್ನಿ."

ಯಾರಿಗೂ ಏನೂ ತಿಳಿಯಲಿಲ್ಲ. ಅವನೇ ತಮ್ಮನ ಕಡೆ ತಿರುಗಿದ.

"ಬಾಯಿ ಯಾಕ ತಕ್ಕೊಂಡು ನಿಂತಿಯಲೇ ಗವಿಸಿದ್ದ? ಎಲ್ಲಾ ಕತಿನೂ ಫೋನ್‌ನಾಗ ನನಗ ಓದಿ ಹೇಳಾಕಿ. ನೀ ಎಲ್ಲಾದಕ್ಕೂ ಚಲೋ ಐತಿ ಅಂತಿಯಂತ. ತಪ್ಪು ಹುಡುಕಾಕ ಭಾವನ ಬೇಕ್ರಿ ಅಂತಿದ್ಲು." ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಇನ್ನ ಯಾರು ಓದಿ ಹೇಳಬೇಕು ನನಗ."

ಗವಿಸಿದ್ದಪ್ಪ ನಕ್ಕುಬಿಟ್ಟ. ನಗುತ್ತಲೇ ಕುಸಿದು ಕೂತು, ನಿನ್ನೆಯಿಂದ ಬಾರದಿದ್ದ ಅಳುವನ್ನೆಲ್ಲ ಅತ್ತ. ಎದೆ ಹಗುರಾಯಿತು. ನನ್ನ ಬೆನ್ನ ಹಿಂದೆ ಎಂಥ ಕಿಲಾಡಿ ಕೆಲಸ ಮಾಡಿದೆಯೇ ಎಂದು ಹಲಗೆಗೆ ಒರಗಿ ಕೂತವಳನ್ನು ನೋಡಿದ. ಅಣ್ಣನ ಮೇಲೆ ಒಂಚೂರು ಹೊಟ್ಟೆಕಿಚ್ಚೂ ಆಯಿತು.

*

ಹೊಲದಲ್ಲಿ ಹೆಣ ಕೂರಿಸಲು ಗುಣಿಯ ಗೋಡೆಯಲ್ಲಿ ಕೊರೆದ ಗೂಡು ಎಂದಿಗಿಂತ ಎತ್ತರವಾಗಿತ್ತು. ಯಜಮಾನರು ಎರಡು ಸಲ ಕೆತ್ತಿಸಿದರು ಎಂದು ಗುಣಿ ತೋಡಿದವರು ಗೊಣಗಿದರು. ಸುನಂದಾಳನ್ನು ಒಳಗೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ಬಿಲ್ವಪತ್ರೆ ಸುರಿದದ್ದಾಯಿತು. ಅಯ್ಯನವರು ವಿಭೂತಿಗೆ ಕೈ ಚಾಚಿದಾಗ ದೊಡ್ಡಬಸವರಾಜ ಅವರನ್ನು ತಡೆದ. ಧೋತರ ಮೇಲಕ್ಕೆ ಕಟ್ಟಿ, ತಮ್ಮನ ಹೆಗಲು ಹಿಡಿದು, ಗುಣಿಗೆ ಇಳಿದ.

ಮಂಡಿಯೂರಿ ಕೂತು, ಅವಳ ಮುಡಿಯ ಮಲ್ಲಿಗೆಗೂ ಮೇಲಿನ ಮಣ್ಣಿಗೂ ನಡುವೆ ಅಂಗೈ ತೂರಿಸಿದ. ಅಂಗೈ ಸಲೀಸಾಗಿ ಹೋಯಿತು.

"ತಾಗೂದಿಲ್ಲ" ಎಂದ.

ಎರೆಮಣ್ಣು ಸಣ್ಣಗೆ ಉದುರುತ್ತಿತ್ತು. ಅವನು ಕೈ ತೆಗೆಯಲಿಲ್ಲ. ಮಣ್ಣೆಲ್ಲ ಅವನ ಮುಂಗೈ ಮೇಲೆಯೇ ಬೀಳುತ್ತಿತ್ತು. ಕೆಳಗೆ ಮಲ್ಲಿಗೆ ಇನ್ನೂ ಬೆಳ್ಳಗಿತ್ತು.