ರುದ್ರಾಣಿಯ ಕೈಗುಣ

"ಮುಂದಕ್ ಬರ್ಬ್ಯಾಡ ಕಣವ್ವ, ಒಳಗೇ ಇರು. ಒಳ್ಳೆ ಕೆಲ್ಸ ನಡೀತಾ ಅದೆ," ಎಂದ ಬಸವೇಶ್, ಬಾಗಿಲಿಗೆ ಅಡ್ಡ ನಿಂತು. ತಿ. ನರಸೀಪುರದ ಹೊಸ ಅಂಗಡಿಯ ಪೂಜೆ. ತಮ್ಮನ ಹೆಂಡತಿ ರುದ್ರಾಣಿಯ ಕೈಯಲ್ಲಿದ್ದ ಹೂವಿನ ತಟ್ಟೆಯನ್ನು ತಾನೇ ಇಸಿದುಕೊಂಡು ಹೋಗಿ ಸೊಸೆ ನಯನಳಿಗೆ ಕೊಟ್ಟ.

ರುದ್ರಾಣಿಯ ಗಂಡ ಸತ್ತು ಎಂಟು ತಿಂಗಳು. ಅಂಗಡಿಯಲ್ಲಿ ಮಾರುವ ಹುರಿಹಿಟ್ಟು, ಚಟ್ನಿಪುಡಿ ಎಲ್ಲವೂ ಅವಳು ಹುರಿದು ಬೀಸಿದ್ದೇ. ಹಿಟ್ಟಿಗೆ ತಗುಲದ ಅಪಶಕುನ ಹೂವಿನ ತಟ್ಟೆಗೆ ತಗುಲಿಬಿಡುತ್ತದಂತೆ. ಎಂಥಾ ಚೆಂದದ ಲೆಕ್ಕ ನೋಡಿ.

ನಾಲ್ಕು ವರ್ಷದ ಹಿಂದೆ ನಂಜನಗೂಡಿನ ಅಂಗಡಿಗೆ ಆ್ಯಪ್ ಮಾಡಿಸಿದಾಗ ಇದೇ ಭಾವ ಅವಳನ್ನು ಮನೆಯಿಂದ ಕರೆಸಿದ್ದ. "ನಿನ್ ಕೈಗುಣ ಒಳ್ಳೇದು. ಮೊದ್ಲ ಗುಂಡಿ ನೀನೇ ಒತ್ತು, ನಿನ್ ಫೋನಲ್ಲೇ ಆಗ್ಲಿ." ಹಾಗೆ ಆ್ಯಪಿನಲ್ಲಿ ಅಂಗಡಿ ತೆರೆಯುವ ಬೀಗದಕೈ ಅವಳ ಗೂಗಲ್ ಖಾತೆಯಲ್ಲೇ ಉಳಿಯಿತು. ಗಿರಾಕಿಗಳೂ ತಮ್ಮ ಗೂಗಲ್ ಖಾತೆಯಿಂದಲೇ ಒಳಗೆ ಬರುವಂತೆ ಆ್ಯಪಿನಲ್ಲಿ ಗುಂಡಿ ಇಡಿಸಿದ್ದು ಅವಳೇ.

"ಹೊಸ ಪಾಸ್‌ವರ್ಡ್ ಮಾಡ್ಕೊಳಿ ಅಂದ್ರೆ ಅರ್ಧ ಜನ ಅಲ್ಲಿಂದ್ಲೇ ವಾಪಸ್ ಓಯ್ತಾರೆ ಭಾವ. ಇರೋ ಖಾತೇಲೇ ಒಳಕ್ ಬಂದ್ರೆ ಅವ್ರ್‌ಗೂ ಸುಲಭ, ನಮ್ಗೂ ಗಿರಾಕಿ ಉಳೀತಾರೆ," ಎಂದಿದ್ದಳು. ಅಂದ ಹಾಗೇ ಆಯಿತು. ಮೈಸೂರು, ಮಂಡ್ಯದಿಂದೆಲ್ಲ ಆರ್ಡರ್ ಬಂದು ಈ ಎರಡನೇ ಅಂಗಡಿ ಎದ್ದಿತು.

ಟ್ಯಾಬಿನಲ್ಲಿ ಆಗುವುದು ಎಲ್ಲರಿಗೂ ಕಾಣಲೆಂದು ಹೊರಗೆ ದೊಡ್ಡ ಟಿ.ವಿ. ಹಾಕಿದ್ದರು. ಮಠದ ಸ್ವಾಮಿಗಳು, ಬೀಗರು, ಊರಿನ ದೊಡ್ಡವರು ಕುರ್ಚಿಯಲ್ಲಿದ್ದರು. ನಯನ ಹೊಸ ಟ್ಯಾಬಿನಲ್ಲಿ ಅಂಗಡಿಯ ಖಾತೆ ತೆರೆದು ಮೊದಲ ಆರ್ಡರ್ ಹಿಡಿಯಬೇಕು. ಪಾಸ್‌ವರ್ಡ್ ಅವಳಿಗೆ ಗೊತ್ತಿತ್ತು, ಹಾಕಿದಳು. ಒಳಗೆ ಹುರಿಹಿಟ್ಟು ತುಂಬುತ್ತಿದ್ದ ರುದ್ರಾಣಿಯ ಫೋನು ಡಬ್ಬದ ಪಕ್ಕ ಗುಂಯ್ ಎಂದಿತು.

'ಲಾಗಿನ್ ಆಗುತ್ತಿರುವುದು ನೀವೇನಾ?' ಕೆಳಗೆ ಎರಡು ಗುಂಡಿ. ರುದ್ರಾಣಿ 'ಅಲ್ಲ' ಒತ್ತಿದಳು. ಹೊರಗೆ ಟಿ.ವಿ.ಯಲ್ಲಿ ಖಾತೆ ತೆರೆಯಲಿಲ್ಲ, ಗುಸುಗುಸು ಎದ್ದಿತು. ಮತ್ತೆ ಗುಂಯ್. ಮತ್ತೆ 'ಅಲ್ಲ'. ಎಂಟು ತಿಂಗಳಿಂದ ಉರಿಯುತ್ತಿದ್ದ ಹೊಟ್ಟೆ ತಣ್ಣಗಾಗುತ್ತಿತ್ತು. ಅದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಬಸವೇಶ್ ಬೆವರುತ್ತಾ ಒಳಗೆ ಬಂದ. "ರುದ್ರಾಣಿ, ನಿನ್ ಫೋನಿಗೆ ಏನೋ ಬತ್ತದಂತೆ. ಹೌದು ಅಂತ ಒತ್ತವ್ವ. ಸ್ವಾಮ್ಗಳು ಕಾಯ್ತಾವ್ರೆ, ಬೀಗ್ರ ಮುಂದೆ ಮಾನ ಓಯ್ತದೆ."

"ಅಲ್ಲಿಗೇ ಬಂದು ಒತ್ಲಾ ಭಾವ?"

ಅವನು ಹೊರಗೊಮ್ಮೆ ನೋಡಿದ. "ಇಲ್ಲಿಂದ್ಲೇ ಒತ್ಬುಡು ಕಣವ್ವ. ಯಾರ್ಗೂ ಗೊತ್ತಾಗಲ್ಲ."

ಫೋನು ಮತ್ತೆ ಗುಂಯ್ ಎಂದಿತು. ರುದ್ರಾಣಿ ಅದನ್ನು ಅವನ ಮುಖದ ಹತ್ತಿರ ಹಿಡಿದಳು. "ಏನ್ ಕೇಳ್ತಾ ಅದೆ, ಓದಿ."

"ಲಾಗಿನ್ ಆಗುತ್ತಿರುವುದು... ನೀವೇನಾ."

"ಅಲ್ಲಿ ನಿಂತಿರೋಳು ನಾನಾ ಭಾವ?"

ಅವನ ಕಣ್ಣೆದುರೇ ಅವಳು 'ಅಲ್ಲ' ಮೇಲೆ ಬೆರಳಿಟ್ಟು ಒತ್ತಿದಳು. ಫೋನನ್ನು ಮಗುಚಿಟ್ಟು, ಸೌಟು ತೆಗೆದುಕೊಂಡು ಮತ್ತೆ ಹುರಿಹಿಟ್ಟನ್ನು ಪೊಟ್ಟಣಕ್ಕೆ ತುಂಬತೊಡಗಿದಳು. ಹೊರಗೆ ಯಾರೋ ಟಿ.ವಿ. ಆರಿಸಿದರು. ಫೋನಿನ ಬೆನ್ನ ಮೇಲೆ ಅವಳ ಐದೂ ಬೆರಳು ಹಿಟ್ಟಿನಲ್ಲಿ ಮೂಡಿದ್ದವು.