ವೈರಿಂಗ್ ಇರಬೇಕು

ಕ್ಲೈವ್ ಕಪ್ಪು ಸೂಟಿನಲ್ಲೇ ತಲೆಕೆಳಗಾಗಿ ಬಿದ್ದುಕೊಂಡಿದ್ದ. ಕಾಲು ಸೀಟಿನ ಒರಗಿನ ಮೇಲೆ, ತಲೆ ಬ್ರೇಕ್ ಪೆಡಲಿನ ಕೆಳಗೆ. ಬಿಡಿಭಾಗ ತರಿಸಿ ಮನೆಯಲ್ಲೇ ಕಟ್ಟಿಕೊಂಡ ಕಾರುಗಳಲ್ಲಿ ಪೆಡಲಿನ ಹತ್ತಿರ ಕೈ ಹಾಕಲು ಬೇರೆ ದಾರಿ ಇರುವುದಿಲ್ಲ. ಕಟ್ಟುವ ಹುರುಪಿನಲ್ಲಿ ಮೊದಲು ಪೆಡಲು ಕೂರಿಸಿ ಆಮೇಲೆ ಮೈ ಮುಚ್ಚಿಬಿಡುತ್ತಾರೆ; ಮುಂದೊಂದು ದಿನ ಅಲ್ಲಿಗೆ ಮತ್ತೆ ಹೋಗಬೇಕಾದೀತು, ಆಗ ನಮಗೂ ವಯಸ್ಸಾಗಿರುತ್ತದೆ ಎಂದು ಯಾರೂ ಯೋಚಿಸುವುದಿಲ್ಲ. ಬಾಯಲ್ಲಿ ಸಣ್ಣ ಟಾರ್ಚು, ಟೈ ಕಿವಿಯ ಮೇಲೆ. ಅರವತ್ತೊಂಬತ್ತರ ಸೊಂಟ ಸಾಕು ಸಾಕು ಎನ್ನುತ್ತಿತ್ತು. ಹನ್ನೊಂದೂವರೆಗೆ ಶವವಾಹನ ಬರುವುದಿತ್ತು. ಈಗ ಹತ್ತೂಕಾಲು.

"ಏನ್ ಮಾಡ್ತಿದ್ದೀಯ ಕ್ಲೈವ್?"

ಏವ್ರಿಲ್ ಗ್ಯಾರೇಜಿನ ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದಳು. ಈ ಸಾಸಿವೆ ಬಣ್ಣದ ಕಾರನ್ನು ಹನ್ನೊಂದು ವರ್ಷ ಕೂತು ಕಟ್ಟಿದ ನಾರಿಸ್ ಟ್ಯಾಟ್ಲೋನ ಹೆಂಡತಿ. ನಾರಿಸ್ ಸತ್ತು ಇವತ್ತಿಗೆ ಹತ್ತು ದಿನ.

"ಬ್ರೇಕ್ ಲೈಟು," ಎಂದ ಕ್ಲೈವ್, ಟಾರ್ಚು ತೆಗೆದು. "ದೀಪ ಇಲ್ದೆ ಶವದ ಗಾಡಿ ಹಿಂದೆ ಹೋಗೋಕಾಗುತ್ತಾ?"

"ಅವನು ಇಡೀ ಬೇಸಿಗೆ ಹುಡುಕ್ದ. ನೀನು ಸೂಟ್ ಹಾಕ್ಕೊಂಡು ಅರ್ಧ ಗಂಟೇಲಿ ಹುಡುಕಿಬಿಡ್ತೀಯೇನೋ?"

"ನೋಡೋಣ."

"ನೋಡು, ನೋಡು. ಓಡಿಸೋದಂತೂ ನಾನೇ. ಬದುಕಿದ್ದಾಗ ಒಂದಿನ ಸ್ಟೀರಿಂಗ್ ಮುಟ್ಟೋಕೆ ಬಿಡ್ಲಿಲ್ಲ ಮಹಾರಾಯ. ಇವತ್ತು ಬೇಡ ಅನ್ನೋಕೆ ಅವನಿಲ್ಲ." ಟೀಯನ್ನು ಬೆಂಚಿನ ಮೇಲಿಟ್ಟು ಅವಳು ಸ್ವಲ್ಪ ಹೊತ್ತು ಹೋಗಲಿಲ್ಲ. "ಇಲ್ಲೇ ಕೂತ್ಕೊಂಡಿರ್ತಿದ್ದೆ ನಾನು, ನೀನು ಈಗ ಬಿದ್ಕೊಂಡಿರೋ ಸೀಟಲ್ಲಿ. ದಿನಾ ಸಂಜೆ. ಅವನು ಹಿಂದೆ ನಿಂತ್ಕೊಂಡು 'ಒತ್ತು' ಅಂತಿದ್ದ. ನಾನು ಒತ್ತಿ 'ಬಂತಾ?' ಅಂತಿದ್ದೆ. 'ಇಲ್ಲ' ಅಂತಿದ್ದ. ಮತ್ತೆ ಯಾವುದೋ ವೈರ್ ಬಿಚ್ತಿದ್ದ, ಮತ್ತೆ 'ಒತ್ತು'. ಈ ಮಂಡಿ ನೋವಲ್ಲಿ. ವೈರಿಂಗ್ ಇರಬೇಕು ಅಂತ ನೀನೇ ಹೇಳಿದ್ದೆ ಅಲ್ವಾ?"

ಕ್ಲೈವ್ ಟಾರ್ಚನ್ನು ಮತ್ತೆ ಬಾಯಿಗಿಟ್ಟುಕೊಂಡ. ಬಾಯಲ್ಲಿ ಏನಾದರೂ ಇದ್ದರೆ ಉತ್ತರ ಕೊಡಬೇಕಾಗಿಲ್ಲ.

ಅವಳು ಹೋದ ಮೇಲೂ ಅವನು ಗೋಡೆಯ ಕಡೆ ನೋಡಲಿಲ್ಲ. ನಿನ್ನೆ ಟೈರಿಗೆ ಗಾಳಿ ತುಂಬಲು ಬಂದಾಗ ನೋಡಿದ್ದೇ ಸಾಕಾಗಿತ್ತು. ವಾಲ್‌ಪೇಪರಿನ ಸುರುಳಿಯೊಂದನ್ನು ಮಗುಚಿ ಗೋಡೆಗೆ ಅಂಟಿಸಿ, ಬಿಳಿ ಬದಿಯಲ್ಲಿ ನಾರಿಸ್ ಕಾರಿನ ಪ್ರತಿ ತಂತಿಯನ್ನೂ ಬರೆದಿದ್ದ. ಪರೀಕ್ಷೆ ಮಾಡಿದ ಒಂದೊಂದು ತಂತಿಯ ಮೇಲೂ ಕೆಂಪು ಗೀಟು. ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಗೀಟಿಲ್ಲದೆ ಉಳಿದದ್ದು ಪೆಡಲಿನ ಪಕ್ಕದ ಒಂದು ಸಣ್ಣ ಚೌಕ ಮಾತ್ರ. ಅದರ ಕೆಳಗೆ ಅಚ್ಚುಕಟ್ಟಾಗಿ ಬರೆದಿತ್ತು: ಸ್ವಿಚ್. ಹೊಸದು. ಕ್ಲೈವ್ ಹಾಕಿದ್ದು. ನೋಡಬೇಕಾಗಿಲ್ಲ.

*

ಏಪ್ರಿಲ್‌ನಲ್ಲಿ ನಾರಿಸ್ ಆ ಸ್ವಿಚ್ಚನ್ನು ಪೊಟ್ಟಣದ ಸಮೇತ ಅವನ ಕೈಗೆ ಕೊಟ್ಟಿದ್ದ. ಹೆಬ್ಬೆರಳಿನಷ್ಟು ದಪ್ಪದ ಪ್ಲಾಸ್ಟಿಕ್ ಸಾಮಾನು, ಒಂದು ನಟ್ಟು, ಎರಡು ತಂತಿ. ಪೆಡಲು ಒತ್ತಿದಾಗ ಅದರೊಳಗಿನ ಕಡ್ಡಿ ಹೊರಗೆ ಬಂದು ಹಿಂದಿನ ದೀಪ ಹೊತ್ತಿಸುತ್ತದೆ. ಇಷ್ಟೇ ಕೆಲಸ.

"ಸೊಂಟದ ಆಪರೇಷನ್ ಆದ್ಮೇಲೆ ನನಗೆ ಬಗ್ಗೋಕಾಗಲ್ಲ ಕಣೋ," ಎಂದಿದ್ದ ನಾರಿಸ್. "ಡಾಕ್ಟ್ರು ಕುರ್ಚಿ ಮೇಲೆ ನೆಟ್ಟಗೆ ಕೂರು ಅಂತಾರೆ. ತಲೆಕೆಳಗಾಗಿ ಬೀಳ್ತೀನಿ ಅಂದ್ರೆ ಹೊಡೀತಾರೆ. ನೀನೇ ಹಾಕ್ಕೊಡು."

"ಭಾನುವಾರ ಹಾಕ್ತೀನಿ ಬಿಡು."

ಇಬ್ಬರದೂ ಒಂದೇ ಕಾರ್ಖಾನೆಯ, ಒಂದೇ ವರ್ಷದ ಕಾರು, ಸ್ವಿಚ್ಚೂ ಒಂದೇ. ಆ ಶನಿವಾರ ನೋಡಿದರೆ ಕ್ಲೈವ್‌ನ ಕಾರಿನ ದೀಪವೂ ಕೈಕೊಟ್ಟಿತ್ತು. ಸೋಮವಾರ ಅವನ ಕಾರಿನ ವಾರ್ಷಿಕ ತಪಾಸಣೆ. ಪೊಟ್ಟಣ ಎದುರಿಗೇ ಇತ್ತು. ಹಾಕಿಕೊಂಡ. ಮರುದಿನ ನಾರಿಸ್‌ನ ಗ್ಯಾರೇಜಿಗೆ ಹೋಗಿ ಅವನ ಹಳೆಯದನ್ನೇ ಬಿಚ್ಚಿ, ತುಕ್ಕು ಬಿಡಿಸುವ ಔಷಧಿ ಸಿಂಪಡಿಸಿ ಉಜ್ಜಿ, ವಾಪಸು ಕೂರಿಸಿದ. ದೀಪ ಬಂತು. ಒಂದು ವಾರದಲ್ಲಿ ಇನ್ನೊಂದು ತರಿಸಿ ಹಾಕಿಬಿಟ್ಟರಾಯಿತು ಎಂದುಕೊಂಡಿದ್ದ. ಕಳ್ಳತನ ಎಂದು ಅನ್ನಿಸಲೇ ಇಲ್ಲ.

ಏವ್ರಿಲ್ ಅವತ್ತು ಹಂದಿಮಾಂಸದ ಕಡುಬು ಕೊಯ್ದು ಕೊಟ್ಟಳು. "ಹೊಸ ಸ್ವಿಚ್ಚು ಹ್ಯಾಗಿದೆ?" ಎಂದು ನಾರಿಸ್ ಕೇಳಿದ. "ಸೊಗಸಾಗಿದೆ," ಎಂದ ಕ್ಲೈವ್, ಬಾಯಿ ತುಂಬ ಕಡುಬು ಇಟ್ಟುಕೊಂಡು.

ಹನ್ನೆರಡು ದಿನಕ್ಕೆ ನಾರಿಸ್‌ನ ಫೋನು ಬಂತು. "ದೀಪ ಮತ್ತೆ ಹೋಯ್ತು ಕಣೋ. ಸ್ವಿಚ್ ಹೊಸದು. ಇನ್ನೇನಿರಬಹುದು?"

ಆಗಲಾದರೂ ಹೇಳಬಹುದಿತ್ತು. ಒಂದು ನಗು, ಒಂದು ಬೈಗುಳ, ಅಷ್ಟರಲ್ಲಿ ಮುಗಿಯುತ್ತಿತ್ತು. ಆದರೆ ಕ್ಲೈವ್‌ನ ಬಾಯಿಂದ ಬಂದದ್ದು ಬೇರೆ. "ವೈರಿಂಗ್ ಇರಬೇಕು."

ಒಮ್ಮೆ ಹೇಳಿದ ಮೇಲೆ ಅದನ್ನೇ ಸಾಕಬೇಕಾಯಿತು. ಬಸ್ ಡಿಪೋದಲ್ಲಿ ವೈರಿಂಗ್ ಕೆಲಸ ಮಾಡಿ ನಿವೃತ್ತನಾದ ನಾರಿಸ್, ಬ್ರೇಕ್ ದೀಪ ಇಲ್ಲದ ಕಾರನ್ನು ರಸ್ತೆಗಿಳಿಸುವವನಲ್ಲ. ಹದಿನಾಲ್ಕು ವರ್ಷ ತಪ್ಪದೆ ಹೋಗಿದ್ದ ಕಾರು ಕ್ಲಬ್ಬಿನ ಮೇಳಕ್ಕೆ ಈ ವರ್ಷ ಹೋಗಲಿಲ್ಲ. ಕ್ಲೈವ್ ಹೋದ. ಡೇರೆಯ ಮುಂದೆ ಬಿಯರ್ ಹಿಡಿದು ಕೂತಾಗ ಯಾರೋ ನಾರಿಸ್ ಎಲ್ಲಿ ಎಂದರು. "ಅವನ ಕಾರಲ್ಲಿ ಬಸ್ ಡಿಪೋ ವೈರಿಂಗು," ಎಂದ ಕ್ಲೈವ್. "ದೀಪ ಹೊತ್ತಬೇಕಾದ್ರೆ ಮೊದ್ಲು ಕಂಡಕ್ಟರ್ ಬೆಲ್ ಹೊಡೀಬೇಕು." ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಮನೆಗೆ ಮರಳುವಾಗ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಿದ. ಹಿಂದೆ ನಾರಿಸ್‌ನ ಸ್ವಿಚ್ಚಿನಿಂದ ದೀಪ ಹೊತ್ತಿರುತ್ತದೆ ಎಂಬುದು ಪ್ರತಿ ಸಲವೂ ನೆನಪಾಯಿತು.

ಜುಲೈನಲ್ಲಿ ಸ್ವಿಚ್ಚು ತರಿಸಬೇಕೆಂದುಕೊಂಡ. ಆದರೆ ಏನೆಂದು ಹೇಳಿ ಹಾಕುವುದು? ಆಗಸ್ಟ್‌ನಲ್ಲಿ ನಾರಿಸ್ ಫೋನು ಮಾಡುವುದನ್ನೇ ಕಡಿಮೆ ಮಾಡಿದ. ಕ್ಲೈವ್‌ಗೆ ಅದು ಹಾಯೆನಿಸಿತು. ಸೆಪ್ಟೆಂಬರ್ ಕೊನೆಯಲ್ಲಿ, ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದ ನಾರಿಸ್ ಬಚ್ಚಲಲ್ಲಿ ಕುಸಿದ. ಹೃದಯ ನಿಂತಿತ್ತು.

*

ಇವತ್ತು ಬೆಳಿಗ್ಗೆ ಆರಕ್ಕೆ ಕ್ಲೈವ್ ತನ್ನ ಕಾರಿನೊಳಗೆ ತಲೆಕೆಳಗಾಗಿ ಬಿದ್ದು ಆ ಸ್ವಿಚ್ಚನ್ನು ಬಿಚ್ಚಿ ತಂದಿದ್ದ. ಈಗ ಅದರ ನಟ್ಟನ್ನು ನಾರಿಸ್‌ನ ಕಾರಿನಲ್ಲಿ ಬಿಗಿದು, ಎರಡು ತಂತಿ ಚುಚ್ಚಿದ. ಪೊರಕೆಯ ಕೋಲನ್ನು ಪೆಡಲಿಗೂ ಸೀಟಿಗೂ ನಡುವೆ ಸಿಕ್ಕಿಸಿ ಹಿಂದೆ ಹೋಗಿ ನೋಡಿದ. ದೀಪ ಹತ್ತಿತ್ತು. ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ಒಂದು ಬೇಸಿಗೆಯ ಕೆಲಸ ಇಷ್ಟೇ ಆಗಿತ್ತು ಎಂದು ಅವನಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಿತು.

ಶವವಾಹನದ ಹಿಂದೆ ಏವ್ರಿಲ್ ಹೊರಟಳು, ಅವಳ ಹಿಂದೆ ಕ್ಲೈವ್, ಅವನ ಹಿಂದೆ ಕ್ಲಬ್ಬಿನ ಕಾರ್ಯದರ್ಶಿ ಡೆಸ್, ಆಮೇಲೆ ಇನ್ನೂ ಹದಿಮೂರು ಕಾರು. ಮ್ಯಾಟ್ಲಾಕ್ ಊರಿನ ಇಳಿಜಾರಿನಲ್ಲಿ ಶವವಾಹನ ನಿಧಾನವಾದಾಗಲೆಲ್ಲ ಸಾಸಿವೆ ಬಣ್ಣದ ಕಾರಿನ ಎರಡು ದೀಪ ಕೆಂಪಗೆ ಹೊತ್ತಿಕೊಂಡವು. ಕ್ಲೈವ್ ಕಣ್ಣು ತೆಗೆಯಲಿಲ್ಲ. ಹಿಂದಿನಿಂದ ಡೆಸ್ ಎರಡು ಸಲ ಹಾರ್ನ್ ಹೊಡೆದ.

ಚಿತಾಗಾರದಲ್ಲಿ ಎಲ್ಲ ಮುಗಿದು ಜನ ಹೊರಗೆ ಬಂದರು. ಡೆಸ್ ನೇರ ಕ್ಲೈವ್‌ನ ಹತ್ತಿರ ಬಂದ.

"ನಿನ್ ಬ್ರೇಕ್ ಲೈಟ್ ಸತ್ತೋಗಿದೆ ಮಾರಾಯ! ಆ ಇಳಿಜಾರಲ್ಲಿ ಇನ್ನೇನು ನಿನ್ ಬೆನ್ ಮೇಲೆ ಹತ್ತಿಬಿಡ್ತಿದ್ದೆ. ಇನ್ನೊಂದು ಶವಪೆಟ್ಟಿಗೆ ಬೇಕಾಗಿರೋದು." ಸುತ್ತ ನಿಂತವರು ನಕ್ಕರು. ಹೊತ್ತುಗೊತ್ತಿಲ್ಲದ ನಗೆಯಾದರೂ ಎಲ್ಲರಿಗೂ ಅದು ಬೇಕಿತ್ತು. "ನಾರಿಸ್ ಕಾರ್ ನೋಡಿದ್ರೆ ಕೆಂಡದ ಹಾಗೆ ಉರೀತಿದೆ. ಏನು, ಬಸ್ ಡಿಪೋ ವೈರಿಂಗ್ ನಿನಗೆ ಅಂಟ್ಕೊಂಡಿತಾ?"

ಏವ್ರಿಲ್ ಎರಡು ಹೆಜ್ಜೆ ಆಚೆ ನಿಂತಿದ್ದಳು. ಅವಳೂ ನಗುತ್ತಿದ್ದಳು.

ವೈರಿಂಗ್ ಇರಬೇಕು. ಮಾತು ಕ್ಲೈವ್‌ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

"ವೈರಿಂಗ್ ಅಲ್ಲ," ಎಂದ. "ಸ್ವಿಚ್ಚೇ ಇಲ್ಲ. ಬೆಳಿಗ್ಗೆ ಬಿಚ್ಚಿ ನಾರಿಸ್ ಕಾರಿಗೆ ಹಾಕ್ದೆ."

"ಒಳ್ಳೇ ಗೆಳೆಯ ಕಣಯ್ಯ ನೀನು," ಎಂದ ಡೆಸ್, ಅವನ ಭುಜ ತಟ್ಟಿ.

ಆ ತಟ್ಟಿದ್ದನ್ನು ಇಟ್ಟುಕೊಂಡು ಮನೆಗೆ ಹೋಗಬಹುದಿತ್ತು. ಕ್ಲೈವ್ ಏವ್ರಿಲ್ ಕಡೆ ತಿರುಗಿದ.

"ಅಲ್ಲ. ಅದು ಅವನದೇ. ಏಪ್ರಿಲ್‌ನಲ್ಲಿ ಹಾಕ್ಕೊಡು ಅಂತ ನನ್ ಕೈಗೆ ಕೊಟ್ಟಿದ್ದ. ನಾನು ನನ್ ಕಾರಿಗೆ ಹಾಕ್ಕೊಂಡೆ. ಅವನಿಗೆ ಹೊಸದು ಹಾಕಿದ್ದೀನಿ ಅಂದೆ. ಅವನ ವೈರಿಂಗಲ್ಲಿ ಏನೂ ತಪ್ಪಿರ್ಲಿಲ್ಲ ಏವ್ರಿಲ್. ಒಂದು ದಿನಾನೂ ಇರ್ಲಿಲ್ಲ."

ಡೆಸ್‌ನ ಕೈ ಭುಜದಿಂದ ಕೆಳಗಿಳಿಯಿತು. ಜನ ಹೂವಿನ ಕಡೆಗೋ ಗಡಿಯಾರದ ಕಡೆಗೋ ನೋಡುತ್ತ ಒಬ್ಬೊಬ್ಬರಾಗಿ ಸರಿದರು.

ಏವ್ರಿಲ್ ಯಾರದೋ ವಿಷಯ ಹೇಳುವವಳಂತೆ ಹೇಳಿದಳು: "ಸಾಯೋ ಹಿಂದಿನ ವಾರ, ಟಾರ್ಚ್ ಬೆಂಚಿನ ಮೇಲಿಟ್ಟು, 'ನನಗೆ ಕೆಲಸ ಮರೆತುಹೋಗಿದೆ ಏವ್ರಿಲ್' ಅಂದ. ನಲವತ್ತು ವರ್ಷ ಬಸ್ಸುಗಳಿಗೆ ವೈರ್ ಎಳೆದೋನು. ಅವತ್ತಿಂದ ಗ್ಯಾರೇಜಿಗೆ ಕಾಲಿಡ್ಲಿಲ್ಲ."

ಕ್ಲೈವ್‌ಗೆ ಕ್ಷಮಿಸು ಎನ್ನಲೂ ನಾಚಿಕೆಯಾಯಿತು.

ಅವಳು ಕಾರಿನ ಹತ್ತಿರ ನಡೆದಳು. ಬಾಗಿಲಿಲ್ಲದ ಪಕ್ಕೆಯನ್ನು ಹಿಡಿದು, ಮಂಡಿ ಮಡಿಸಲಾರದೆ ಮಡಿಸಿ, ಸೀಟಿಗೆ ಇಳಿದು ಕೂತಳು.

"ಹಿಂದೆ ನಿಂತ್ಕೋ," ಎಂದಳು.

ಕ್ಲೈವ್ ಹೋಗಿ, ನಾರಿಸ್ ನಿಲ್ಲುತ್ತಿದ್ದಲ್ಲಿ ನಿಂತ. ಅವಳು ಮುಂದೆ ನೋಡುತ್ತಲೇ ಪೆಡಲು ಒತ್ತಿದಳು.

"ಬಂತಾ?"

"ಬಂತು."

ಕಾಲು ತೆಗೆದಳು. ಮತ್ತೆ ಒತ್ತಿದಳು.

"ಬಂತಾ?"

"ಬಂತು."

ಚಿತಾಗಾರದ ಟೀ ಕೋಣೆಯಿಂದ ಕಪ್-ಬಸಿಗಳ ಸದ್ದು ಕೇಳಿಸುತ್ತಿತ್ತು. ಯಾರೂ ಅವರನ್ನು ಕರೆಯಲು ಬರಲಿಲ್ಲ. ಏವ್ರಿಲ್ ತಿರುಗಿ ನೋಡದೆ ಮತ್ತೆ ಒತ್ತಿದಳು, ಮತ್ತೆ ಕೇಳಿದಳು. ಕ್ಲೈವ್ ಅಲ್ಲೇ ನಿಂತು ಪ್ರತಿ ಸಲವೂ ಉತ್ತರ ಕೊಟ್ಟ. ಅವನ ಪಾಲಿಶ್ ಹಾಕಿದ ಬೂಟುಗಳು ಕೆಂಪಾಗುತ್ತಿದ್ದವು, ಕಪ್ಪಾಗುತ್ತಿದ್ದವು, ಮತ್ತೆ ಕೆಂಪಾಗುತ್ತಿದ್ದವು.