ಪರದೆಯ ಮೇಲಿನ ರೈಲು

ಗುಬ್ಬಿಯ ಗಂಗಹನುಮಯ್ಯ ಮನಸ್ಸು ಮಾಡಿದರೆ ಕಿರುಬೆರಳಲ್ಲಿ ರೈಲು ಓಡಿಸಬಲ್ಲ. ಆ ರೈಲಿಗೆ ಹಳಿ ಬೇಡ, ಕಲ್ಲಿದ್ದಲು ಬೇಡ, ಸ್ಟೇಷನ್ ಮಾಸ್ಟರರ ಅಪ್ಪಣೆಯೂ ಬೇಡ. ತುಮಕೂರಿನ ಕಾಲೇಜೊಂದರ ಶೆಡ್ಡಿನಲ್ಲಿ ನಿಂತು ಅವನು ಹೀಗೆ ಕೊಚ್ಚಿಕೊಂಡಾಗ ಸಾಲಿನಲ್ಲಿದ್ದ ಲಾರಿ ಡ್ರೈವರುಗಳು ನಕ್ಕರು.

"ಹಂಗಾದ್ರೆ ನಮ್ ಕುಣಿಗಲ್‌ಗೂ ಒಂದು ಬುಡ್ಲಾ. ಅಲ್ಲಿ ರೈಲೇ ಇಲ್ಲ," ಎಂದ ಒಬ್ಬ.

ಶೆಡ್ಡಿನಲ್ಲಿದ್ದದ್ದು ಹಳೇ ಲಾರಿಯ ಮುಂಭಾಗ, ಅದರೆದುರು ಬಿಳಿ ಪರದೆ. ಪರದೆಯ ಮೇಲೆ ರಸ್ತೆಯ ಸಿನಿಮಾ ಓಡುತ್ತಿತ್ತು. ಗೇಟಿಲ್ಲದ ಲೆವೆಲ್ ಕ್ರಾಸಿಂಗ್ ಬಂದಾಗ ಡ್ರೈವರು ಎತ್ತ ನೋಡುತ್ತಾನೆ, ಯಾವಾಗ ಬ್ರೇಕ್ ತುಳಿಯುತ್ತಾನೆ ಎಂದು ಯೋಗನರಸಿಂಹ ಮೇಷ್ಟ್ರು ಪರೀಕ್ಷಿಸುತ್ತಿದ್ದರು. ಎಚ್ಚರಿಕೆಯ ಬೋರ್ಡು ಕಂಡೊಡನೆ ಪರದೆಗೆ ರೈಲು ಬಿಡುವ ಸ್ವಿಚ್ ಒತ್ತುವುದು ಅಟೆಂಡರ್ ಗಂಗಹನುಮಯ್ಯನ ಕೆಲಸ.

ಈಗ ಸೀಟು ಹತ್ತಿದವನು ಬೀರಯ್ಯ. ಹೋದ ವರ್ಷ ಗುಬ್ಬಿ ಹತ್ತಿರದ ಇಂಥದೇ ಕ್ರಾಸಿಂಗಿನಲ್ಲಿ ಇವನ ಲಾರಿಗೆ ರೈಲು ಬಡಿದು, ಪಕ್ಕದಲ್ಲಿದ್ದ ಕ್ಲೀನರ್ ತಿಪ್ಪಯ್ಯ ಸತ್ತಿದ್ದ. ತಿಪ್ಪಯ್ಯ ಗಂಗಹನುಮಯ್ಯನ ತಮ್ಮ. ತಮ್ಮನನ್ನು ಬಿಟ್ಟು ಬೀರಯ್ಯ ಲಾರಿಯಿಂದ ಹಾರಿಕೊಂಡನೆಂದು ಗಂಗಹನುಮಯ್ಯ ನಲವತ್ತು ಹಳ್ಳಿಗೆ ಸಾರಿ ಬಂದಿದ್ದ.

"ಇಲ್ಲಿ ತಪ್ಪಿದ್ರೆ ಇನ್ ನನ್ ಲಾರಿ ಮುಟ್ಬೇಡ," ಎಂದ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಲಾರಿ ಮಾಲೀಕ ವೀರಭದ್ರಯ್ಯ.

ಗಂಗಹನುಮಯ್ಯನಿಗೆ ಹೋಳಿಗೆ ಉಂಡಷ್ಟು ಖುಷಿಯಾಯಿತು. ಬೋರ್ಡು ಬಂತು, ಹೋಯಿತು. ಅವನು ಒತ್ತಲಿಲ್ಲ. 'ಇನ್ನೊಂಚೂರು ಬಾರಪ್ಪ' ಎಂದುಕೊಂಡ. ಹಳಿ ಇನ್ನೇನು ಚಕ್ರಕ್ಕೆ ತಾಗಬೇಕು, ಆಗ ಒತ್ತಿದ. ಕುಣಿಗಲ್ ಕೆರೆಯಷ್ಟು ಅಗಲದ ರೈಲು ಎಡಗಡೆಯಿಂದ ಪರದೆಯ ತುಂಬ ನುಗ್ಗಿತು.

ಬೀರಯ್ಯ ಹಾರಿಕೊಳ್ಳಲು ಲಾರಿಯ ಬಾಗಿಲ ಕಡೆ ತಿರುಗಲೇ ಇಲ್ಲ. ಕಾಲು ಬ್ರೇಕ್ ಮೇಲೆ ನಿಂತಿತು. ಎಡಗೈ ಸ್ಟೀರಿಂಗ್ ಬಿಟ್ಟು ಪಕ್ಕದ ಖಾಲಿ ಸೀಟಿಗೆ ಚಾಚಿ, ಅಲ್ಲಿಲ್ಲದ ಅಂಗಿಯೊಂದನ್ನು ಹಿಡಿದು ಎದೆಗೆ ಎಳೆದುಕೊಂಡಿತು.

"ಬಗ್ಗೋ ತಿಪ್ಪ," ಎಂದ.

ರೀಲು ಮುಗಿದು ಪರದೆ ಬೆಳ್ಳಗಾಯಿತು.

"ನೋಡುದ್ರಾ ಸಾರ್, ಹಳಿ ಮೇಲೇ ನಿಲ್ಸ್ದ," ಎಂದ ವೀರಭದ್ರಯ್ಯ, ಬೀರಯ್ಯನ ಕಡೆ ತಿರುಗಿ, "ನಾಳೆಯಿಂದ ಬರ್ಬೇಡ ಕಣೋ ನೀನು."

ಮೇಷ್ಟ್ರು ಸ್ವಿಚ್ಚಿನ ಹತ್ತಿರ ಬಂದರು. "ಯಾಕಯ್ಯಾ, ರೈಲು ತಡವಾಗಿ ಬಂತು?"

"ವೈರು ಕಾದೋಗಿತ್ತು ಸಾರ್. ಅದ್ರ ಮೇಲೆ ದೋಸೆ ಹುಯ್ಬೋದು, ಅಷ್ಟು."

ಮೇಷ್ಟ್ರು ವೈರು ಮುಟ್ಟಿದರು. ಕೈ ತೆಗೆಯದೆ ಅವನ ಮುಖವನ್ನೇ ನೋಡಿದರು.

"ತಣ್ಣಗೇ ಅದೆ ಸಾರ್," ಎಂದ ಗಂಗಹನುಮಯ್ಯ. "ನಾನೇ ಬೇಕಂತ ತಡ ಮಾಡ್ದೆ. ಅವ್ನು ಸಿಕ್ಕಾಕೊಳ್ಲಿ ಅಂತ." ಆಮೇಲೆ ಮಾಲೀಕನ ಕಡೆ ತಿರುಗಿದ. "ಹಾರ್ಕೊಂಡ ಅಂದಿದ್ನಲ್ಲ, ಅದೂ ನಾನ್ ನೋಡಿಲ್ಲ. ಆವತ್ತು ನಾನಲ್ಲಿ ಇರ್ಲೇ ಇಲ್ಲ ಸ್ವಾಮಿ."

ಬೀರಯ್ಯ ಇನ್ನೂ ಇಳಿದಿರಲಿಲ್ಲ. ಬಿಗಿದುಕೊಂಡಿದ್ದ ಎಡಗೈಯ ಬೆರಳುಗಳನ್ನು ಬಲಗೈಯಿಂದ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದ.